ಕೌಂಟರಿನ ಆಚೆ ನಿಂತವರಿಗೆ ನೀವೇ ಲೈಬ್ರರಿ

ಪ್ರೀತಿಯ ತಂಗಿ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರ ಆಯಿತು. ಹೆಸರು ಹಾಕಬೇಡಿ, ಊರು ಬದಿಯಡ್ಕದ ಹತ್ತಿರ ಎಂದಷ್ಟೇ ಇರಲಿ ಎಂದಿದ್ದೀರಿ. ಹಾಗೇ ಮಾಡಿದ್ದೇನೆ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದಲ್ಲಿ ಇರುವುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ನೀವು ಎಂ.ಎ. ಓದುತ್ತಿದ್ದೀರಿ. ಓದುವ ವಿಶ್ವವಿದ್ಯಾಲಯದ ಲೈಬ್ರರಿಯಲ್ಲೇ ಸಂಜೆ ಮೂರು ಗಂಟೆ ಕೆಲಸ. ಸಂಬಳ ಗಂಟೆ ಲೆಕ್ಕದಲ್ಲಿ. ಸೇರಿದ ಎರಡು ತಿಂಗಳಲ್ಲಿ ಮೂರು ಸಲ ಬೈಸಿಕೊಂಡಿದ್ದೀರಿ. ಕ್ಲಾಸಿಲ್ಲದ ದಿನ ಮನೆಯಿಂದ ಬರುವಾಗ ಇಪ್ಪತ್ತು ನಿಮಿಷ ತಡವಾದದ್ದಕ್ಕೆ ಒಮ್ಮೆ. ಕೌಂಟರಿನಲ್ಲಿ ಕೂತು ಪರೀಕ್ಷೆಗೆ ಓದಿದ್ದಕ್ಕೆ ಇನ್ನೊಮ್ಮೆ. ಒಂದು ಪುಸ್ತಕ ಯಾರ ಹತ್ತಿರ ಇದೆ ಎಂದು ಗೆಳತಿಗೆ ಹೇಳಿದ್ದಕ್ಕೆ ಮತ್ತೊಮ್ಮೆ. "ನಾವು ಮೊದಲು ವಿದ್ಯಾರ್ಥಿಗಳು ಅಲ್ವಾ ಸಾರ್? ನಮ್ಮನ್ನು ಪೂರ್ತಿ ನೌಕರರ ಹಾಗೆ ನೋಡುವುದು ಸರಿಯಾ? ಕೆಲಸ ಬಿಟ್ಟುಬಿಡಲಾ?" ಎಂದು ಕೇಳಿದ್ದೀರಿ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೆರಡು ವಿಷಯ ಇದೆ. ಆಫೀಸಿನವರಿಗೆ ಕ್ಯಾಂಟೀನಿನಿಂದ ಚಹಾ ತರಬೇಕು. ರಾತ್ರಿ ಎಂಟಕ್ಕೆ ಬೀಗ ಹಾಕುವವರೆಗೆ ಕೆಲವು ದಿನ ನೀವೊಬ್ಬರೇ ಇರಬೇಕು.

ಕೆಲಸ ಬಿಡಬೇಡಿ. ಈಗಲೇ ಅಂತೂ ಬೇಡ. ಬೈಸಿಕೊಂಡ ಮೂರು ವಿಷಯದಲ್ಲಿ ನಿಮ್ಮ ಲೈಬ್ರರಿಯನ್ ಹೇಳಿದ್ದು ಸರಿ ಎಂದೇ ನನಗೆ ಅನಿಸುತ್ತದೆ. ಬೈದ ರೀತಿ ಸರಿಯೋ ಅಲ್ಲವೋ, ಅದು ಬೇರೆ ಮಾತು. ಆದರೆ ನೀವು ಸಣ್ಣ ಅಕ್ಷರದಲ್ಲಿ ಬರೆದದ್ದು ಸಣ್ಣ ವಿಷಯ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನೂ ಈ ಕೆಲಸ ಮಾಡಿದವನು. 1986ರ ಮಾತು. ಕಾಸರಗೋಡು ಜಿಲ್ಲೆಯಾಗಿ ಆಗ ಎರಡು ವರ್ಷ. ನಾನು ಓದುತ್ತಿದ್ದ ಕಾಲೇಜಿನ ಲೈಬ್ರರಿಯಲ್ಲಿ ರಜೆಗೆ ನಾಲ್ಕು ಹುಡುಗರನ್ನು ಇಟ್ಟುಕೊಂಡಿದ್ದರು. ವಾಪಸ್ ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು ನಮ್ಮ ಕೆಲಸ. ಪುಸ್ತಕದ ಬೆನ್ನಿನ ನಂಬರು ನೋಡಬೇಕು, ಅದರ ಜಾಗಕ್ಕೆ ಇಡಬೇಕು, ಅಷ್ಟೇ. ಇದರಲ್ಲಿ ಏನಿದೆ ಎಂದುಕೊಂಡಿದ್ದೆ.

ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರು ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರು 894.814. ಮಲಯಾಳ ಸಾಹಿತ್ಯದ್ದು 894.812. ನಿಮಗೆ ಇದು ಈಗ ಬಾಯಿಪಾಠ ಆಗಿರುತ್ತದೆ. ನಮ್ಮ ಊರಿನ ಹಾಗೆಯೇ ಕಪಾಟಿನಲ್ಲೂ ಎರಡು ಭಾಷೆ ಅಕ್ಕಪಕ್ಕದ ಮನೆ. ಒಂದು ದಿನ ಮುಳ್ಳೇರಿಯದ ಆಚೆಯಿಂದ ಒಬ್ಬರು ನಿವೃತ್ತ ಮಾಷ್ಟ್ರು ಎರಡು ಬಸ್ಸು ಬದಲಿಸಿ ಬಂದರು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳಿದ್ದ ಒಂದು ಹಳೆಯ ಪುಸ್ತಕ ಅವರಿಗೆ ಬೇಕಿತ್ತು. ಪುಸ್ತಕಕ್ಕೊಂದರಂತೆ ಕಾರ್ಡು ಇಡುವ ಡ್ರಾಯರಿನಲ್ಲಿ ಅದರ ಕಾರ್ಡು ಇತ್ತು. ಯಾರೂ ತೆಗೆದುಕೊಂಡು ಹೋಗಿರಲಿಲ್ಲ. ಕಪಾಟಿನಲ್ಲಿ ಮಾತ್ರ ಪುಸ್ತಕ ಇಲ್ಲ. ನಾನು ಅರ್ಧ ಗಂಟೆ ಹುಡುಕಿದೆ. "ಇರಲಿ ಮಗ" ಎಂದು ಕೊಡೆ ಹಿಡಿದುಕೊಂಡು ಹೋದರು. ಎರಡು ತಿಂಗಳ ನಂತರ ಪುಸ್ತಕಗಳ ಲೆಕ್ಕ ತೆಗೆಯುವಾಗ ಅದು ಮಲಯಾಳದ ಕಪಾಟಿನಲ್ಲಿ ಸಿಕ್ಕಿತು. ಹೊಸ ರಟ್ಟು ಕಟ್ಟಿಸಿದ್ದರಿಂದ ಬೆನ್ನಿನ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಅದನ್ನು ಇಟ್ಟವನು ನಾನೇ. ಮಾಷ್ಟ್ರಿಗೆ ಅಂಚೆ ಕಾರ್ಡು ಬರೆದೆವು. ಅವರು ಮತ್ತೆ ಬರಲಿಲ್ಲ.

ಅವರು ನನ್ನನ್ನು ಡಿಗ್ರಿ ಓದುವ ಹುಡುಗ ಎಂದು ನೋಡಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಅವರ ಪಾಲಿಗೆ ಆ ಹೊತ್ತಿಗೆ ನಾನೇ ಲೈಬ್ರರಿ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ವಿದ್ಯಾರ್ಥಿ ಎಂಬ ರಿಯಾಯಿತಿ ನಿಮಗೆ ಖಂಡಿತ ಸಿಗಬೇಕು. ಅದು ಗಂಟೆಗಳ ಲೆಕ್ಕದಲ್ಲಿ ಸಿಗಬೇಕು, ಕೆಲಸದ ಅಚ್ಚುಕಟ್ಟಿನಲ್ಲಿ ಅಲ್ಲ. ಮೂರು ಗಂಟೆ ಎಂದರೆ ಮೂರೇ ಗಂಟೆ ಕೇಳಲಿ. ಆ ಮೂರು ಗಂಟೆಯನ್ನು ನೀವು ಪೂರ್ತಿ ಕೊಡಿ.

ಲೈಬ್ರರಿ ಶಾಸ್ತ್ರಕ್ಕೆ ಐದು ಸೂತ್ರ ಕೊಟ್ಟ ಎಸ್.ಆರ್. ರಂಗನಾಥನ್ ಅವರ ಹೆಸರು ನಿಮಗೆ ಗೊತ್ತೇ ಇದೆ. ಅವರು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಕಾಸರಗೋಡು ಆಗ ಅದೇ ಜಿಲ್ಲೆಯ ತಾಲೂಕು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಲೈಬ್ರರಿಯನ್ ಆದರು. 1931ರಲ್ಲಿ ಅಚ್ಚಾದ ಅವರ ಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸು. ನಿಮ್ಮ ಇಪ್ಪತ್ತು ನಿಮಿಷವನ್ನು ಈ ಕಡೆಯಿಂದ ಒಮ್ಮೆ ನೋಡಿ. ಹೆದ್ದಾರಿ 66ರ ಕೆಲಸ ಶುರುವಾದ ಮೇಲೆ ನಮ್ಮ ಕಡೆ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದು ಕಷ್ಟವೇ ಆಗಿತ್ತು. ಅದು ನಿಮ್ಮ ತಪ್ಪಲ್ಲ. ಫೋನ್ ಮಾಡದೇ ಇದ್ದದ್ದು ತಪ್ಪು. ನೀವು ಬರುವವರೆಗೆ ಮಧ್ಯಾಹ್ನದ ಪಾಳಿಯವರು ಮನೆಗೆ ಹೋಗುವ ಹಾಗಿಲ್ಲ. ಅವರಿಗೂ ಕೊನೆಯ ಬಸ್ಸು ಇರುತ್ತದೆ. ಜೊತೆಯಲ್ಲಿ ಕೆಲಸ ಮಾಡುವ ಇಬ್ಬರ ನಂಬರು ಇಟ್ಟುಕೊಳ್ಳಿ. ಬರಲಾಗದ ದಿನ ಪಾಳಿ ಬದಲಿಸಿಕೊಂಡು ಲೈಬ್ರರಿಯನ್‌ಗೆ ತಿಳಿಸಿಬಿಡಿ.

ಕೌಂಟರಿನಲ್ಲಿ ಓದುವ ವಿಷಯ. ಯಾರೂ ಇಲ್ಲದಾಗ ಸುಮ್ನೆ ಕೂರುವ ಬದಲು ಓದಿದರೆ ಏನು ತಪ್ಪು ಎಂದು ಕೇಳಿದ್ದೀರಿ. ಕೇಳಿ ನೋಡಿ, ಬಿಡುವಿದ್ದಾಗ ಓದಬಹುದು ಎಂದು ಲೈಬ್ರರಿಯನ್ ಹೇಳಿದರೂ ಹೇಳಬಹುದು. ಆದರೆ ತಲೆ ತಗ್ಗಿಸಿ ಓದುವವರನ್ನು ಮಾತಾಡಿಸಲು ಕೆಲವರಿಗೆ ಧೈರ್ಯ ಬರುವುದಿಲ್ಲ. ಪೈವಳಿಕೆಯ ಕಡೆಯಿಂದ, ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಮೊದಲ ವರ್ಷದ ಹುಡುಗಿಯನ್ನು ನೆನೆಸಿಕೊಳ್ಳಿ. ಸುತ್ತ ಮಲಯಾಳ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಎರಡು ಸಲ ಕೌಂಟರಿನ ಹತ್ತಿರ ಬಂದು, ನೀವು ತಲೆ ಎತ್ತದೇ ಇದ್ದರೆ, ಹಾಗೇ ಹೊರಗೆ ಹೋಗಿಬಿಡುತ್ತಾಳೆ. ಇಯರ್‌ಫೋನ್ ಹಾಕಿಕೊಂಡರಂತೂ ಮುಗಿಯಿತು. ಓದಿ, ಆದರೆ ಯಾರಾದರೂ ಬಂದರೆ ಮೊದಲ ಮಾತು ನಿಮ್ಮದಾಗಿರಲಿ. "ಏನು ಬೇಕಿತ್ತು?" ಎಂದು ಕನ್ನಡದಲ್ಲೋ ತುಳುವಿನಲ್ಲೋ ಒಂದು ಮಾತು ಕೇಳಿಸಿದರೆ ಅವಳ ಮುಖ ಹೇಗೆ ಅರಳುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಇಲ್ಲಿ ನಿಮ್ಮಿಂದ ಇನ್ನೊಂದು ದೊಡ್ಡ ಉಪಕಾರ ಆಗಬಹುದು. ನಿಮ್ಮಲ್ಲಿ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಇಡುವ ಕೋಹಾ ಸಾಫ್ಟ್‌ವೇರ್ ಇದೆ ಎಂದು ಬರೆದಿದ್ದೀರಿ. ನ್ಯೂಜಿಲೆಂಡಿನ ಒಂದು ಲೈಬ್ರರಿಯಲ್ಲಿ ಹುಟ್ಟಿ 2000ರಿಂದ ಬಳಕೆಗೆ ಬಂದದ್ದು ಅದು. ಕೋಹಾ ಎಂದರೆ ಅಲ್ಲಿನ ಮಾವೋರಿ ಭಾಷೆಯಲ್ಲಿ ಉಡುಗೊರೆ. ಅದರಲ್ಲಿ ಕನ್ನಡ ಲಿಪಿಯಲ್ಲೇ ಹೆಸರು ತುಂಬಿಸಬಹುದು. ನಿಮ್ಮ ಲೈಬ್ರರಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಿದ್ದಾರೆ ಎಂದಿದ್ದೀರಿ. ಕಷ್ಟ ಅಲ್ಲೇ. ಪೆರಡಾಲದ ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನೇ ತೆಗೆದುಕೊಳ್ಳಿ. ಆ "ಞ್ಞ"ವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಒಬ್ಬರು ಎನ್ ಆದ ಮೇಲೆ ಎಚ್ ಹಾಕುತ್ತಾರೆ, ಒಬ್ಬರು ವೈ, ಇನ್ನೊಬ್ಬರು ಜೆ. ಹುಡುಕುವವರು ಒಂದು ರೀತಿ ಟೈಪ್ ಮಾಡಿ, ಪುಸ್ತಕ ಇಲ್ಲ ಎಂದು ಹೊರಟುಹೋಗುತ್ತಾರೆ. ಪುಸ್ತಕ ಹತ್ತು ಹೆಜ್ಜೆ ದೂರದಲ್ಲಿ ಇರುತ್ತದೆ. ಇಂಥ ಹೆಸರು ಕಂಡಾಗಲೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ಲೈಬ್ರರಿಯನ್‌ಗೆ ಕೊಡಿ. ಇದನ್ನು ಕನ್ನಡ ಬಲ್ಲವರೇ ಮಾಡಬೇಕು.

ಮೂರನೆಯದು, ಪುಸ್ತಕ ಯಾರ ಹತ್ತಿರ ಇದೆ ಎಂದು ಹೇಳಿದ್ದು. ಇದರಲ್ಲಿ ನಾನು ಪೂರ್ತಿ ಲೈಬ್ರರಿಯನ್ ಪಕ್ಷ. ನಮ್ಮದು ಸಣ್ಣ ಊರು. ಯಾವುದೋ ಕಾಯಿಲೆಯ ಪುಸ್ತಕವನ್ನೋ, ವಿಚ್ಛೇದನದ ಕಾನೂನಿನ ಪುಸ್ತಕವನ್ನೋ ಒಬ್ಬಳು ತೆಗೆದುಕೊಂಡು ಹೋದರೆ ಅವಳು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟಿರುತ್ತದೆ. ಇವತ್ತು ನೀವು ಹೇಳಿದ್ದು ಬರೀ ಸಿಲೆಬಸ್ಸಿನ ಪುಸ್ತಕದ ವಿಷಯ, ನಿಜ. ಆದರೆ ಯಾವುದು ಹೇಳಬಹುದು, ಯಾವುದು ಬಾರದು ಎಂದು ಪ್ರತಿ ಸಲ ಕೌಂಟರಿನಲ್ಲಿ ನಿಂತು ಯೋಚಿಸಲು ಆಗುವುದಿಲ್ಲ. "ಪುಸ್ತಕ ಹೊರಗಿದೆ, ಇಂಥ ತಾರೀಕಿಗೆ ಬರಬೇಕು, ನಿಮ್ಮ ಹೆಸರಿಗೆ ರಿಸರ್ವ್ ಮಾಡಲಾ?" ಇಷ್ಟು ಹೇಳಿದರೆ ಸಾಕು. ನಿಮ್ಮ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಗೆಳತಿಯ ಫೈನ್ ನೀವಾಗಿಯೇ ಅಳಿಸಬೇಡಿ.

ಇನ್ನು ಸಣ್ಣ ಅಕ್ಷರದ ಮಾತು.

ಚಹಾ ತರುವುದು ನಿಮ್ಮ ಕೆಲಸ ಅಲ್ಲ. ಎಲ್ಲರೂ ಸೇರಿ ಕುಡಿಯುವಾಗ ಒಮ್ಮೆ ನೀವು, ಒಮ್ಮೆ ಅವರು ತಂದರೆ ಅದು ಸ್ನೇಹ. ದಿನಾ ನೀವೇ ತರಬೇಕು ಎಂದರೆ ಅದು ದರ್ಬಾರು. ಮಹಾರಾಷ್ಟ್ರದಲ್ಲಿ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಭಾವುರಾವ್ ಪಾಟೀಲರು "ದುಡಿ, ಕಲಿ" ಎಂಬ ದಾರಿ ಹಾಕಿಕೊಟ್ಟರು. ಬಡವರ ಮಕ್ಕಳು ತಲೆ ಎತ್ತಿ ಓದಲಿ ಎಂದು ಆ ದಾರಿ. ಆಳು ಅಗ್ಗಕ್ಕೆ ಸಿಗಲಿ ಎಂದು ಅಲ್ಲ. ಅಮೆರಿಕಕ್ಕೆ ಓದಲು ಹೋದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಇದೇ ಕೆಲಸ ಮಾಡುತ್ತಾರೆ. ಕ್ಲಾಸು ನಡೆಯುವಾಗ ಹೊರದೇಶದ ವಿದ್ಯಾರ್ಥಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ ಎಂಬುದು ಅಲ್ಲಿನ ನಿಯಮ. ನಿಮ್ಮ ಗಂಟೆ, ಸಂಬಳದ ತಾರೀಕು, ಪರೀಕ್ಷೆಯ ವಾರದ ರಜೆ, ಯಾವುದು ನಿಮ್ಮ ಕೆಲಸ ಎಂಬುದು, ಎಲ್ಲವೂ ಒಂದು ಹಾಳೆಯಲ್ಲಿ ಬರಹದಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ. ಕೇಳುವುದು ಸೊಕ್ಕು ಅಲ್ಲ.

ರಾತ್ರಿ ಒಬ್ಬರೇ ಬೀಗ ಹಾಕುವುದನ್ನಂತೂ ಈ ವಾರವೇ ನಿಲ್ಲಿಸಿ. ಒಬ್ಬ ಖಾಯಂ ಸಿಬ್ಬಂದಿಯೋ, ಕಾವಲುಗಾರರೋ ಜೊತೆಗೆ ಇರಲೇಬೇಕು ಎಂದು ಬರೆದುಕೊಡಿ, ನಕಲು ಇಟ್ಟುಕೊಳ್ಳಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾನೂನು ಖಾಯಂ ನೌಕರರಿಗೆ ಮಾತ್ರ ಅಲ್ಲ. ತಾತ್ಕಾಲಿಕವಾಗಿ, ದಿನಗೂಲಿಗೆ ದುಡಿಯುವವರೂ ಅದರಲ್ಲಿ ಸೇರಿದ್ದಾರೆ. ನಿಮಗೆ ಅಂಥದ್ದೇನೂ ಆಗಿಲ್ಲ ಎಂದಿದ್ದೀರಿ, ಸಮಾಧಾನ. ಆದರೂ ನಿಮ್ಮಲ್ಲಿ ದೂರು ಸಮಿತಿ ಎಲ್ಲಿದೆ ಎಂದು ತಿಳಿದಿರಲಿ.

ಮೊದಲು ಲೈಬ್ರರಿಯನ್ ಹತ್ತಿರ ಹತ್ತು ನಿಮಿಷ ಕೇಳಿ ಕೂತು ಮಾತಾಡಿ. ತಡವಾದದ್ದಕ್ಕೆ, ಹೆಸರು ಹೇಳಿದ್ದಕ್ಕೆ ನಿಮ್ಮ ತಪ್ಪನ್ನು ಒಪ್ಪಿಕೊಂಡೇ ಶುರು ಮಾಡಿ. ಆಮೇಲೆ ಚಹಾದ ಮಾತು, ರಾತ್ರಿಯ ಮಾತು ತೆಗೆಯಿರಿ. ಅದಾದ ಮೇಲೂ ಏನೂ ಬದಲಾಗದಿದ್ದರೆ ಕೆಲಸ ಬಿಟ್ಟುಬಿಡಿ. ನನಗೂ ಬರೆಯಿರಿ.

ನಾಳೆ ಹೋದಾಗ ಒಂದು ಕೆಲಸ ಮಾಡ್ತೀರಾ? 894.812ರ ಕಪಾಟಿನಲ್ಲಿ ಒಮ್ಮೆ ಕಣ್ಣಾಡಿಸಿ. ಬೆನ್ನಿನ ಮೇಲೆ ಹೆಸರಿಲ್ಲದ, ಹೊಸ ರಟ್ಟಿನ ಪುಸ್ತಕಗಳನ್ನು ತೆರೆದು ನೋಡಿ. ಕನ್ನಡದ್ದು ಸಿಕ್ಕಿದರೆ ಅದರ ಜಾಗಕ್ಕೆ ತಂದಿಡಿ.

ಸಂಪಾದಕ