ಎಲ್ಲರಿಗೂ ಒಂದೇ ಟೈಮ್ ಅಂದರೆ ಯಾರ ಟೈಮ್?

ಮಾನ್ವಿಯಿಂದ ಒಬ್ಬ ಹುಡುಗಿ ಬರೆದಿದ್ದಾಳೆ. ವಯಸ್ಸು 17, ರಾಯಚೂರಿನಲ್ಲಿ ಸೆಕೆಂಡ್ ಪಿಯುಸಿ, ದಿನಾ ಬಸ್ಸಿನಲ್ಲಿ ಓಡಾಟ. ಪತ್ರದ ಸಾರ ಇಷ್ಟು: "ನಮ್ಮ ಕಾಲೇಜಿನ ಚರ್ಚಾ ಕ್ಲಬ್ ಒಂದು ವಾರ ಬುಧವಾರ, ಇನ್ನೊಂದು ವಾರ ಶುಕ್ರವಾರ. ಒಮ್ಮೊಮ್ಮೆ ಸೈನ್ಸ್ ಕ್ಲಬ್ಬೂ ಅದೇ ಹೊತ್ತಿಗೆ. ಈಗ ಮೆಂಬರುಗಳೇ ಸೇರಿ ಶನಿವಾರ ಸಂಜೆ ನಾಲ್ಕೂವರೆ ಅಂತ ಮಾಡಿದ್ದಾರೆ, ಅದು ಮುಗಿಯೋ ಹೊತ್ತಿಗೆ ನನ್ನ ಬಸ್ಸು ಹೋಗಿರುತ್ತೆ. ಪ್ರಿನ್ಸಿಪಾಲರು ಗಟ್ಟಿಯಾಗಿ ಒಂದು ಟೈಮ್ ಹಾಕಬೇಕು. ದೇಶದ್ದೂ ಇದೇ ಕಥೆ. ಯಾವಾಗ ನೋಡಿದರೂ ಎಲ್ಲೋ ಒಂದು ಎಲೆಕ್ಷನ್. ಒಂದು ದೇಶ, ಒಂದು ಚುನಾವಣೆ ಬೇಗ ಬರಲಿ. ದೇಶಕ್ಕೂ ಒಬ್ಬ ಹೆಡ್‌ಮಾಸ್ಟರ್ ಬೇಕು."

ಅಕ್ಷರ ಮುದ್ದಾಗಿದೆ, ಸಿಟ್ಟೂ ಮುದ್ದಾಗಿದೆ. ಆದರೆ ನನ್ನ ಹಳೇ ಗಾಯದ ಮೇಲೇ ಕೈ ಇಟ್ಟಿದ್ದೀಯಮ್ಮಾ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಮೊದಲು ನಿನ್ನ ಕಡೆಯ ಮಾತು. ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಮತ ಆಗಿಬಿಡಲಿ ಅನ್ನೋದು ನಿನ್ನ ಆಸೆ. ಪದೇ ಪದೇ ಚುನಾವಣೆ ಅಂದರೆ ಖರ್ಚು ಜಾಸ್ತಿ, ನೀತಿ ಸಂಹಿತೆ ಅಂತ ಕೆಲಸ ನಿಲ್ಲುತ್ತೆ, ಮೇಷ್ಟ್ರುಗಳು ಪಾಠ ಬಿಟ್ಟು ಬೂತಿಗೆ ಹೋಗುತ್ತಾರೆ. ನಿಜ, ಒಪ್ಪಿದೆ.

ಈಗ ಮೂಲಕ್ಕೆ ಬರೋಣ. ಶನಿವಾರ ನಾಲ್ಕೂವರೆ ಅನ್ನೋದೂ ಒಂದೇ ಟೈಮ್ ಅಲ್ವಾ? ಗಟ್ಟಿಯಾಗಿ ಹಾಕಿದ್ದೇ ಅಲ್ವಾ? ಹಾಕಿದವರು ಯಾರು? ಕಾಲೇಜಿನಿಂದ ನಡೆದುಕೊಂಡು ಮನೆಗೆ ಹೋಗೋ ಹುಡುಗರು. ಅವರಿಗೆ ನಿನ್ನ ಮೇಲೆ ದ್ವೇಷ ಏನಿಲ್ಲ, ಸುಮ್ನೆ ನಿನ್ನ ಬಸ್ಸು ಅವರ ತಲೆಗೆ ಬಂದಿಲ್ಲ ಅಷ್ಟೇ. ಪ್ರಿನ್ಸಿಪಾಲರ ತಲೆಗೆ ಬರುತ್ತೆ ಅಂತ ನಿನಗೆ ಯಾರು ಹೇಳಿದರು? ಅವರದ್ದು ಕಾರು.

ನಾನು ಓದುವಾಗ ಹಾಸ್ಟೆಲಿನಲ್ಲಿ ಒಂದು ಚರ್ಚಾಕೂಟ ಮಾಡಿಕೊಂಡಿದ್ದೆವು. ವಾರ್ಡನ್ನು ಒಂದೇ ಟೈಮ್ ಕೊಟ್ಟರು: ಭಾನುವಾರ ಬೆಳಿಗ್ಗೆ ಆರು. ಮೂರನೇ ವಾರಕ್ಕೆ ಉಳಿದವರು ನಾನು ಮತ್ತು ಅಡುಗೆಯವರ ಮಗ, ಅವನು ಹೇಗೂ ಒಲೆ ಹಚ್ಚೋಕೆ ಎದ್ದಿರುತ್ತಿದ್ದ. ನಾವಿಬ್ಬರೇ ಮರಣದಂಡನೆ ಬೇಕೇ ಬೇಡವೇ ಅಂತ ವಾದ ಮಾಡಿದೆವು. ಅವನೇ ಗೆದ್ದ.

ನೀನು ಮಾನ್ವಿಯವಳು, ನಿನಗೆ ಕಾಲುವೆ ಪಾಠ ಹೇಳಬೇಕಾ? ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 200 ಕಿ.ಮೀ.ಗೂ ಜಾಸ್ತಿ ಬರುತ್ತೆ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಲೆಕ್ಕ ಹಾಕಿ ತೋಡಿದ ಕಾಲುವೆ ಅದು. ಮೇಲಿನವರು ಭತ್ತ ನಾಟಿ ಮಾಡಿದರು, ನಿಮ್ಮ ಊರಿನ ಕಡೆಗೆ ಹೆಸರು ಬಂತು: ಕೊನೆ ಭಾಗದ ರೈತರು. ಕಾಗದದ ಮೇಲೆ ನೀರು ಬಿಡೋ ದಿನಾಂಕ ಎಲ್ಲರಿಗೂ ಒಂದೇ. ನಿಮ್ಮ ಹೊಲಕ್ಕೆ ಅದು ಯಾವಾಗ ಮುಟ್ಟುತ್ತೆ ಅಂತ ನಿಮ್ಮಪ್ಪನ್ನ ಕೇಳು. ಚರ್ಚಾ ಕ್ಲಬ್ಬಿನಲ್ಲೂ ನೀನು ಕೊನೆ ಭಾಗದವಳೇ.

ದೇಶದ ಮಾತು. 1951-52ರಿಂದ 1967ರ ತನಕ ಲೋಕಸಭೆ, ವಿಧಾನಸಭೆ ಬಹುತೇಕ ಒಟ್ಟಿಗೇ ನಡೆದವು. ಅದನ್ನ ಯಾರೂ ಬೇಕಂತ ಕೆಡಿಸಲಿಲ್ಲ. ಸರ್ಕಾರಗಳು ಅವಧಿಗೆ ಮೊದಲೇ ಬಿದ್ದವು, ಜನರನ್ನ ಮತ್ತೆ ಕೇಳಬೇಕಾಯಿತು. ನಮ್ಮ ರಾಜ್ಯದ್ದೇ ನೋಡು. 1984ರ ಡಿಸೆಂಬರಿನಲ್ಲಿ ಲೋಕಸಭೆಯ 28 ಸೀಟಿನಲ್ಲಿ 24 ಕಾಂಗ್ರೆಸ್ಸಿಗೆ. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ, ಸೋಲಿಗೆ ನೈತಿಕ ಹೊಣೆ ಅಂತ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ 224ರಲ್ಲಿ 139 ಸೀಟು ಜನತಾ ಪಕ್ಷಕ್ಕೆ ಕೊಟ್ಟರು. ಮೂರು ತಿಂಗಳ ಒಳಗೆ! ನಮ್ಮಪ್ಪ ಎರಡು ಸಲ ಎರಡು ಪಕ್ಷಕ್ಕೆ ಹಾಕಿದವರು, "ದಿಲ್ಲಿ ಬೇರೆ, ಬೆಂಗಳೂರು ಬೇರೆ" ಅಂತ ಎಲೆ ಅಡಿಕೆ ಹಾಕಿಕೊಂಡು ಕೂತರು. ಎರಡೂ ಒಂದೇ ದಿನ ಇದ್ದಿದ್ದರೆ ಆ ಸಲದ ಗಾಳಿಯಲ್ಲಿ ಬೆಂಗಳೂರನ್ನೂ ಅವರು ದಿಲ್ಲಿ ಜೊತೆಗೇ ಒತ್ತಿಬಿಡುತ್ತಿದ್ದರು ಅಂತ ನನ್ನ ಗುಮಾನಿ.

ಒಂದು ದೇಶ ಒಂದು ಚುನಾವಣೆಯ ತಿದ್ದುಪಡಿ ಮಸೂದೆ 2024ರ ಡಿಸೆಂಬರ್ 17ರಂದು ಲೋಕಸಭೆಗೆ ಬಂತು. ಮಂಡಿಸೋಕೇ ಮತ ಹಾಕಬೇಕಾಯಿತು, ಪರ 269, ವಿರೋಧ 198. ಅಲ್ಲಿಂದ ಜಂಟಿ ಸಮಿತಿಗೆ ಹೋಯಿತು. ಅಂದರೆ ವಾದ ಮಾಡೋಕೆ ಜಾಗ ಇನ್ನೂ ಇದೆ, ನಿನ್ನಂಥವರಿಗೂ.

ನಿನ್ನ ವಯಸ್ಸಿಗೇ ತಾಗೋ ಇನ್ನೊಂದು ಮಾತು. ಮೊದಲು ಮತದಾರರ ಪಟ್ಟಿಗೆ ಜನವರಿ 1 ಒಂದೇ ದಿನಾಂಕ. ಜನವರಿ 2ಕ್ಕೆ 18 ತುಂಬಿದವರು ಒಂದು ವರ್ಷ ಕಾಯಬೇಕಿತ್ತು. ಎಷ್ಟು ನೀಟು! 2022ರಿಂದ ಅದನ್ನ ನಾಲ್ಕು ಮಾಡಿದರು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು. 17 ತುಂಬಿದವರು ಮುಂಚೆಯೇ ಅರ್ಜಿ ಹಾಕಬಹುದು. ಅಂದರೆ ನೀನೂ. ಹಾಕಿದ್ದೀಯಾ? ಪತ್ರದಲ್ಲಿ ಬರೆದಿಲ್ಲ.

ಇನ್ನು ನಮ್ಮ ಸೀಮೆಯ ದಿನಾಂಕಗಳ ಕಥೆ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, 1947ರ ಆಗಸ್ಟ್ 15ಕ್ಕೇ ಬಾವುಟ ಹಾರಿಸಿತು. ಹೊಳೆ ದಾಟಿದರೆ ಕೊಪ್ಪಳ, ರಾಯಚೂರು ನಿಜಾಮರ ಕೈಯಲ್ಲಿ, ನಮಗೆ ಬಿಡುಗಡೆ 1948ರ ಸೆಪ್ಟೆಂಬರಿನಲ್ಲಿ. ಅಣೆಕಟ್ಟಿನ ಈ ದಡ ಆ ದಡದ ನಡುವೆ 13 ತಿಂಗಳು. ಆಮೇಲೂ ಎಲ್ಲ ಟೈಮು ಬೇರೆ ಕಡೆಯವರೇ ಹಾಕಿದರು. ಇಂಟರ್‌ವ್ಯೂ ಬೆಂಗಳೂರಿನಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ನಮ್ಮ ಹುಡುಗರು ಭಾನುವಾರ ರಾತ್ರಿ ಬಸ್ಸಿನಲ್ಲಿ ಕುಕ್ಕರಿಸಿ ಹೋಗಿ, ಬಸ್‌ ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದು ಒಳಗೆ ಹೋಗುತ್ತಾರೆ. ಅಲ್ಲಿ ಕೇಳುತ್ತಾರೆ, ಯಾಕಪ್ಪಾ ಇಷ್ಟು ಸುಸ್ತಾಗಿದ್ದೀಯಾ?

ಹೆಡ್‌ಮಾಸ್ಟರ್ ಆಸೆ ಬಿಡು. ಮುಂದಿನ ಮೀಟಿಂಗಿಗೆ ಬಸ್ಸಿನ ವೇಳಾಪಟ್ಟಿ ಬರೆದುಕೊಂಡು ಹೋಗು, ನಿನ್ನ ಥರ ಹಳ್ಳಿಯಿಂದ ಬರೋರು ಎಷ್ಟು ಜನ ಅಂತ ಎಣಿಸಿಕೊಂಡು ಹೋಗು, ತಿಂಗಳಿಗೆ ಎರಡು ಸಲವಾದರೂ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾಡಿ ಅಂತ ಕೇಳು. ಒಪ್ಪದಿದ್ದರೆ ಮತಕ್ಕೆ ಹಾಕು. ಅಲ್ಲೂ ಸೋತರೆ ನನಗೆ ಬರೆ, ಗೆದ್ದರೂ ಬರೆ. ಪತ್ರದ ಮೇಲೆ ತಾರೀಖು ಹಾಕೋದು ಮಾತ್ರ ಮರೀಬೇಡ, ಈ ಸಲ ಟೈಮ್ ಬಗ್ಗೆ ಎರಡು ಪುಟ ಬರೆದವಳು ಅದನ್ನೇ ಬಿಟ್ಟಿದ್ದೀಯಾ.