ಮಲಾವಿ ಸರೋವರದ ಎಂಬೂನಾ ಮೀನು ಒಂದು ಕಲ್ಲಿಗಾಗಿ ಯಾಕಿಷ್ಟು ಜಗಳವಾಡುತ್ತದೆ?

ನಿಮ್ಮ ತೊಟ್ಟಿಯ ಗಂಡು ಎಂಬೂನಾ ಒಂದು ಕಲ್ಲಿನ ಹತ್ತಿರ ಯಾರನ್ನೂ ಬಿಡುತ್ತಿಲ್ಲ ಎಂದು ಕೇಳಿದ್ದೀರಿ. ಅದು ಸುಮ್ನೆ ಜಗಳಗಂಟ ಮೀನಲ್ಲ. ಅದರ ಊರು ನೋಡಿದರೆ ಅರ್ಥವಾಗುತ್ತದೆ.

ಆಫ್ರಿಕಾದ ಮಲಾವಿ ಸರೋವರದ ಬಂಡೆ ದಡವೇ ಇವುಗಳ ಮನೆ. ಬಂಡೆಯ ಮೇಲೆ ತಿನ್ನಲು ಪಾಚಿ, ಸಂದಿಯಲ್ಲಿ ಅಡಗಲು ಜಾಗ. ಊಟ, ಮನೆ ಎರಡೂ ಒಂದೇ ಕಡೆ ಇದ್ದಾಗ ಬಿಟ್ಟುಕೊಡುವುದು ಹೇಗೆ, ಅಲ್ವಾ? ಕೆಲವು ಜಾತಿಯ ಗಂಡುಗಳು ಎಷ್ಟು ಬಿಗಿಯಾಗಿ ಕಾಯುತ್ತವೆ ಅಂದರೆ, ಅವುಗಳ ಜಾಗದಲ್ಲಿ ಪಾಚಿ ಅಕ್ಕಪಕ್ಕಕ್ಕಿಂತ ಉದ್ದ ಬೆಳೆದು ಪುಟ್ಟ ತೋಟದಂತೆ ಕಾಣುತ್ತದೆ. ಹೆಣ್ಣು ಮೊಟ್ಟೆಯಿಡಲು ಬರುವುದೂ ಅಲ್ಲಿಗೇ. ಆಮೇಲೆ ಸುಮಾರು 3 ವಾರ ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಪಾಡುತ್ತದೆ. ಗಂಡಿನ ಕೋಪ ಜಾಸ್ತಿ ಇರುವುದು ತನ್ನದೇ ಜಾತಿಯ, ತನ್ನಂಥದೇ ಬಣ್ಣದ ಗಂಡಿನ ಮೇಲೆ.

ನನಗೆ ತುಂಬಾ ಬೆರಗೆನಿಸುವುದು ಇನ್ನೊಂದು ವಿಷಯ. ಬಂಡೆಗಳ ನಡುವಿನ ಮರಳು ಬಯಲನ್ನು ಇವು ದಾಟುವುದೇ ಅಪರೂಪ. ಹಾಗಾಗಿ ಒಂದೇ ಜಾತಿಗೆ ಬೇರೆ ಬೇರೆ ದಡಗಳಲ್ಲಿ ಬೇರೆ ಬೇರೆ ಬಣ್ಣ!

ತೊಟ್ಟಿಯಲ್ಲಿ ಕಲ್ಲು ಜಾಸ್ತಿ ಜೋಡಿಸಿ, ಸಂದುಗಳನ್ನು ಬಿಡಿ. ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣಿರಲಿ.