ಮಳೆಗಾಲದಲ್ಲಿ ಗುರುತ್ವ ಮಸೂರ ನೋಡಬಹುದಾ?

ಸಾಗರದಿಂದ ಎರಡು ಪ್ರಶ್ನೆ ಕೇಳಿದ್ದೀರಿ: ಮಳೆಗಾಲದ ಮೋಡದಲ್ಲೂ ರೇಡಿಯೋ ಟೆಲಿಸ್ಕೋಪಿಗೆ ಗುರುತ್ವ ಮಸೂರ ಸಿಗುತ್ತಾ, ಮನೆ ಮೇಲಿನ ಟಿವಿ ಡಿಶ್ ಸಾಕಾ ಅಂತ. ಗುರುತ್ವ ಮಸೂರ ಅಂದರೆ, ದೂರದಿಂದ ಬರುವ ಬೆಳಕನ್ನೋ ರೇಡಿಯೋ ಅಲೆಯನ್ನೋ ದಾರಿಯಲ್ಲಿರುವ ಗೆಲಾಕ್ಸಿ ತನ್ನ ಗುರುತ್ವದಿಂದ ಬಗ್ಗಿಸಿ, ಒಂದೇ ವಸ್ತುವಿಗೆ ಹಲವು ಬಿಂಬ ತೋರಿಸುವುದು.

ಮೋಡದ ಚಿಂತೆ ಬಿಡಿ. ಜೋರು ಮಳೆಗೆ ಟಿವಿ ಸಿಗ್ನಲ್ ಹೋಗುತ್ತೆ ಅಲ್ವಾ, ಅದರ ಅಲೆ ಬರೀ ಎರಡೂವರೆ ಸೆಂಟಿಮೀಟರ್ ಉದ್ದ. ರೇಡಿಯೋ ಟೆಲಿಸ್ಕೋಪುಗಳು ಹಿಡಿಯುವ 21 ಸೆಂಟಿಮೀಟರಿನ ಅಲೆ ಆಗುಂಬೆಯ ಮಳೆಯನ್ನೂ ದಾಟಿ ಬರುತ್ತದೆ.

ಡಿಶ್ ಮಾತ್ರ ಸಾಲದು. ಮಸೂರ ಒಡೆದು ತೋರಿಸುವ ಬಿಂಬಗಳ ನಡುವೆ ಸಾಮಾನ್ಯವಾಗಿ ಒಂದೆರಡು ಆರ್ಕ್‌ಸೆಕೆಂಡ್ ಅಂತರ. ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲಿ ಒಂದು. 21 ಸೆಂಟಿಮೀಟರಿನಲ್ಲಿ ಅಷ್ಟು ಸೂಕ್ಷ್ಮವಾಗಿ ನೋಡಲು ಸುಮಾರು 43 ಕಿಲೋಮೀಟರ್ ಅಗಲದ ಡಿಶ್ ಬೇಕು. ಶಿವಮೊಗ್ಗದಿಂದ ಹೊರಟು ಮಂಡಗದ್ದೆ ದಾಟುವಷ್ಟು! ಅದಕ್ಕೇ ದೂರ ದೂರ ನಿಲ್ಲಿಸಿದ ಡಿಶ್‌ಗಳನ್ನು ಜೋಡಿಸಿ ಒಂದೇ ಟೆಲಿಸ್ಕೋಪಿನಂತೆ ಬಳಸುತ್ತಾರೆ. ಅಮೆರಿಕದ ವಿಎಲ್‌ಎಯಲ್ಲಿ 27 ಇವೆ, ಪುಣೆ ಹತ್ತಿರದ ಜಿಎಂಆರ್‌ಟಿಯಲ್ಲಿ 30.

ಮೊದಲ ಮಸೂರದ ಕಥೆ ನನಗೆ ತುಂಬಾ ಇಷ್ಟ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದ ರೇಡಿಯೋ ಸಮೀಕ್ಷೆಯಲ್ಲಿ ಸಿಕ್ಕ, ರೇಡಿಯೋ ಅಲೆ ಸೂಸುವ ಒಂದು ಮೂಲವನ್ನು 1979ರಲ್ಲಿ ಸಾಮಾನ್ಯ ಬೆಳಕಿನ ಟೆಲಿಸ್ಕೋಪಿನಲ್ಲಿ ಪರೀಕ್ಷಿಸಿದರು. ಆರು ಆರ್ಕ್‌ಸೆಕೆಂಡ್ ಅಂತರದಲ್ಲಿ ಎರಡು ಕ್ವೇಸಾರ್ (ಬಹು ದೂರದ ಗೆಲಾಕ್ಸಿಯ ಅತಿಯಾಗಿ ಹೊಳೆಯುವ ನಡುಭಾಗ), ಎರಡರ ವರ್ಣಪಟಲವೂ ಹೆಚ್ಚುಕಮ್ಮಿ ಒಂದೇ. ಎರಡೂ ಒಂದೇ ಕ್ವೇಸಾರಿನ ಬಿಂಬ. ಒಂದರ ಹೊಳಪು ಏರಿಳಿದರೆ, ಸುಮಾರು 417 ದಿನ ಬಿಟ್ಟು ಇನ್ನೊಂದರಲ್ಲೂ ಅದೇ ಏರಿಳಿತ! ಎರಡು ಬೆಳಕೂ ಬರುವ ದಾರಿ ಬೇರೆ, ಅದಕ್ಕೇ ಈ ತಡ. ಇಂಥ ತಡ ಅಳೆದೇ ವಿಶ್ವ ಹಿಗ್ಗುವ ವೇಗವನ್ನೂ ಲೆಕ್ಕ ಹಾಕುತ್ತಾರೆ.

ನಿಮ್ಮ ಡಿಶ್‌ಗೆ ಸೂರ್ಯನ ರೇಡಿಯೋ ಅಲೆ ಸಿಗುತ್ತೆ, ಅಲ್ಲಿಂದ ಶುರು ಮಾಡಿ. ಮಸೂರಗಳಿಗೆ ವಿಎಲ್‌ಎಯ ಹಳೆಯ ದತ್ತಾಂಶ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.